ಗೋಡೆಗೆ ಯಾವಾಗ ಬಣ್ಣ ಹೊಡೆಸಿದಿರಿ?

“ಇನ್ನೊಂದು ಲೋಟ ಚಹಾ ಹಾಕ್ಲೇನೋ ಪುಟ್ಟ?” ಎಂದರು ಅತ್ತೆ.

“ಬೇಡ ಅತ್ತೆ, ಸಾಕು.”

“ಸಾಕು ಅನ್ನೋ ಮುಖ ನೋಡು. ಈ ಕಡೆ ತಲೆ ಹಾಕಿ ಎಷ್ಟು ದಿನ ಆಯ್ತು? ಎಷ್ಟು ಸೊರಗಿದೀಯ!”

ನನ್ನ ಉತ್ತರಕ್ಕೆ ಕಾಯದೆ ಲೋಟ ತುಂಬಿಸಿದರು. ಕಳ್ಳನನ್ನು ಹಿಡಿಯಲು ಬಂದವನು ಕಳ್ಳನ ಮನೆಯಲ್ಲೇ ಕಾಲು ಚಾಚಿ ಕೂತು, ಕಳ್ಳನ ಹೆಂಡತಿ ಬಗ್ಗಿಸಿದ ಚಹಾ ಕುಡಿಯುವುದು ಪತ್ತೇದಾರಿಕೆಗೇ ಅವಮಾನ. ಆದರೆ ಕಳ್ಳ ನನ್ನ ಸೋದರಮಾವ. ಅಪ್ಪ ಅಮ್ಮ ಹೋದ ಮೇಲೆ ನಾನು ಬೆಳೆದದ್ದು ಈ ಮನೆಯಲ್ಲಿ. ಬಾಗಿಲಲ್ಲೇ ನಿಂತು “ನಿಮ್ಮನ್ನು ವಿಚಾರಣೆ ಮಾಡಬೇಕು” ಎನ್ನಲು ನಾಲಿಗೆ ಹೊರಳಲಿಲ್ಲ.

ಆಸ್ಪತ್ರೆಯ ಲ್ಯಾಬಿನಿಂದ ಅನ್ನನಾಳದ ಕ್ಯಾನ್ಸರ್ ರೋಗಿಗಳ ಸ್ಲೈಡುಗಳಿದ್ದ ಟ್ರೇ ಮಾಯವಾಗಿತ್ತು, ಕದ್ದವಳು ಇವಳೇ ಎಂದು ಟೆಕ್ನಿಷಿಯನ್ ಹುಡುಗಿಯನ್ನು ಕೆಲಸ ಬಿಡಿಸಿ ಮನೆಗೆ ಕಳಿಸಿದ್ದರು, ನಿಜ ಹುಡುಕಲು ನನ್ನನ್ನು ಕರೆಸಿದ್ದರು. ಹಿಂದಿನ ಕಥೆ ಇಷ್ಟೇ.

ಆ ಲ್ಯಾಬಿನ ಮುಖ್ಯಸ್ಥರೇ ನಮ್ಮ ಮಾವ. ಗಾಜಿನ ಮೇಲೆ ಅಂಟಿಸಿದ ಮಾಂಸದ ತೆಳು ಪದರ ನೋಡಿ ರೋಗದ ಜಾತಕ ಹೇಳುವ ಪೆಥಾಲಜಿಸ್ಟ್. ಆಸ್ಪತ್ರೆಯಲ್ಲಿ ಅವರಿಗೆ ಹದ್ದಿನಕಣ್ಣು ಎಂದೇ ಹೆಸರು. ನಾನು ಕೇಸು ಒಪ್ಪಿಕೊಂಡ ದಿನ ಬೆನ್ನು ತಟ್ಟಿ, “ಬಿಡಬೇಡ ಪುಟ್ಟ ಆ ಕಳ್ಳನ್ನ” ಎಂದವರೂ ಅವರೇ.

ಬರೀ ಒಂದು ಟ್ರೇಯ ಪ್ರಶ್ನೆಯಾಗಿದ್ದರೆ ನಾನು ಚಹಾ ಕುಡಿದು ಸುಮ್ಮನೆ ಮನೆಗೆ ಹೋಗಿಬಿಡುತ್ತಿದ್ದೆನೋ ಏನೋ. ಆದರೆ ವಾರ್ಡಿನಲ್ಲಿ ಡ್ರಾಯಿಂಗ್ ಮೇಷ್ಟ್ರೊಬ್ಬರು ಮಲಗಿದ್ದರು. ಅನ್ನನಾಳದಲ್ಲಿ ಗೆಡ್ಡೆ. ನೀರು ಬಿಟ್ಟರೆ ಬೇರೇನೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನಾನು ಹೋದಾಗಲೆಲ್ಲ, “ಏನ್ ಸಾರ್, ಸಿಕ್ಕಿತಾ ನನ್ನ ಗಾಜು?” ಎಂದು ಪಿಸುದನಿಯಲ್ಲಿ ಕೇಳಿ ನಗುತ್ತಿದ್ದರು.

ಆ ಗಾಜಿನಲ್ಲಿ ಅವರ ಜೀವವಿತ್ತು. ಗೆಡ್ಡೆಯಲ್ಲಿ ಒಂದು ಬಗೆಯ ಪ್ರೋಟೀನ್ ತುಂಬಿದ್ದರೆ ಮೊದಲು ಕೀಮೋ ಕೊಡುತ್ತಾರೆ, ಗೆಡ್ಡೆ ಕುಗ್ಗಿದ ಮೇಲೆ ಆಪರೇಷನ್. ಆ ಪ್ರೋಟೀನ್ ಇಲ್ಲದವರಿಗೆ ನೇರವಾಗಿ ಆಪರೇಷನ್ನೇ ಆಗಬೇಕು. ಕೀಮೋ ಕೊಟ್ಟರೆ ಮೈ ಹಣ್ಣಾಗುತ್ತದೆ, ಗೆಡ್ಡೆ ಮಾತ್ರ ಜಗ್ಗುವುದಿಲ್ಲ. ಕೀಮೋದಿಂದ ಕೆಟ್ಟ ರಕ್ತ ಸುಧಾರಿಸಿಕೊಂಡು ಸರ್ಜನ್ ಕೈ ಹಾಕುವ ಹೊತ್ತಿಗೆ ಕಾಲ ಮೀರಿರುತ್ತದೆ. ಪ್ರೋಟೀನ್ ಇದೆಯೋ ಇಲ್ಲವೋ ಗೊತ್ತಾಗುವುದು ಸ್ಲೈಡಿಗೆ ಹಾಕುವ ಬಣ್ಣದಿಂದ. ಇದ್ದ ಕಡೆ ಕಂದು, ಇಲ್ಲದ ಕಡೆ ನೀಲಿ. ಸೊನ್ನೆಯಿಂದ ಮೂರು ಪ್ಲಸ್‌ವರೆಗೆ ಅಂಕ. ಈಚೆಗೆ ರಜೆ ಹಾಕುವ ಮೊದಲು ಮೇಷ್ಟ್ರಿಗೆ ಮಾವ ಕೊಟ್ಟದ್ದು ಮೂರು ಪ್ಲಸ್. ನಾಳೆ ಬೆಳಿಗ್ಗೆ ಅವರಿಗೆ ಕೀಮೋ ಶುರು.

ಮೊದಲು ಅನುಮಾನ ಬಂದದ್ದು ಕೀಮೋ ಕೊಡುವ ಡಾಕ್ಟರಮ್ಮನಿಗೆ. “ಇತ್ತೀಚೆಗೆ ಮೂರು ಪ್ಲಸ್ ಬಂದವರ ಗೆಡ್ಡೆ ಕುಗ್ತಾನೇ ಇಲ್ಲ. ಪ್ರೋಟೀನ್ ಸುಳ್ಳು ಹೇಳ್ತಿದೆಯೋ, ಸ್ಲೈಡ್ ಸುಳ್ಳು ಹೇಳ್ತಿದೆಯೋ, ಎಲ್ಲಾ ಇನ್ನೊಮ್ಮೆ ಬೇರೆಯವರ ಹತ್ರ ನೋಡಿಸ್ತೀನಿ” ಎಂದಿದ್ದರು. ಮರುದಿನವೇ ಟ್ರೇ ಮಾಯ. ಮೇಷ್ಟ್ರ ಗೆಡ್ಡೆಯಿಂದ ತೆಗೆದ ಚೂರು ಎಷ್ಟು ಚಿಕ್ಕದೆಂದರೆ ಅದನ್ನು ಹುದುಗಿಸಿಟ್ಟ ಮೇಣದ ಬ್ಲಾಕಿನಲ್ಲಿ ಹೊಸ ಪದರ ಕೊಯ್ಯಲು ಇನ್ನೇನೂ ಉಳಿದಿರಲಿಲ್ಲ. ಮತ್ತೊಮ್ಮೆ ತೆಗೆಯೋಣವೆಂದರೆ ಮೊದಲ ಸಲವೇ ರಕ್ತ ನಿಲ್ಲಿಸಲು ಪಟ್ಟ ಪಾಡು ಸಾಕಾಗಿತ್ತು. ಹಾಗಾಗಿ ಇರುವುದು ಆ ಒಂದೇ ಸ್ಲೈಡು.

ಲೋಟ ಕೆಳಗಿಟ್ಟು ಎದ್ದೆ. ಮಾವನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು.

ಮಾವ ಕಿಟಕಿಗೆ ಬೆನ್ನು ಹಾಕಿ ಕೂತಿದ್ದರು. ಮನೆಯೊಳಗೂ ಕಪ್ಪು ಕನ್ನಡಕ. ಮೇಜಿನ ಮೇಲೆ ಅವರ ಹಳೆಯ ಮೈಕ್ರೋಸ್ಕೋಪು, ಅದರ ಮೇಲೆ ಅತ್ತೆ ಹೊಲಿದ ಹತ್ತಿಬಟ್ಟೆಯ ಗವಸು.

“ಬಾರೋ. ಸಿಕ್ಕಿದ್ನಾ ಕಳ್ಳ?”

ಬಾಗಿಲು ಮುಂದೆ ಮಾಡಿ ಕುಳಿತೆ. ಎಲ್ಲಿ ನೋಡುವುದೆಂದು ತೋಚದೆ ಅವರ ಚಪ್ಪಲಿ ನೋಡಿದೆ.

“ಮಾವ, ಒಂದು ಮಾತು ಕೇಳ್ಲಾ? ಲ್ಯಾಬಿನ ಗೋಡೆಗೆ ಯಾವಾಗ ಬಣ್ಣ ಹೊಡೆಸಿದ್ರು?”

“ಯಾವ ಗೋಡೆ?”

“ಕಾರಿಡಾರ್ ಗೋಡೆ. ನೀವು ರಜೆ ಮುಗಿಸಿ ಬಂದ ದಿನ ಟೆಕ್ನಿಷಿಯನ್ ಹುಡುಗೀನ ಕೇಳಿದ್ರಂತೆ, ‘ಏನಮ್ಮಾ, ಗೋಡೆಗೆ ಯಾವಾಗ ಬಣ್ಣ ಹೊಡೆಸಿದ್ರಿ, ಇಷ್ಟೊಂದು ನೀಲಿ?’ ಅಂತ. ಅವಳು ನಕ್ಕಳಂತೆ. ಅವಳು ಕೆಲಸಕ್ಕೆ ಸೇರಿದಾಗಿನಿಂದ ಅದು ಅದೇ ನೀಲಿ.”

“ಗೋಡೆ ನೋಡ್ತಾ ಕೂತ್ಕೊಳ್ಳೋಕೆ ನಂಗೆ ಪುರುಸೊತ್ತೆಲ್ಲಿದೆ? ಅದಕ್ಕೇನೀಗ?”

“ಏನಿಲ್ಲ. ಲ್ಯಾಬಲ್ಲಿ ನಿಮ್ಮ ಮೈಕ್ರೋಸ್ಕೋಪು ನೋಡಿದೆ. ಎರಡೂ ಕಣ್ಣಿಟ್ಟು ನೋಡೋ ಮೆಷೀನು. ಎಡಗಡೆ ಗಾಜು ಫಳಫಳ ಅಂತಿದೆ. ಬಲಗಡೆ ಗಾಜಿನ ಮೇಲೆ ಬೆರಳಲ್ಲಿ ಹೆಸರು ಬರೀಬಹುದು, ಅಷ್ಟು ಧೂಳು.”

“ಕಣ್ಣುಬೇನೆ ಬಂದಿತ್ತು ನಂಗೆ. ಎಲ್ಲರಿಗೂ ಗೊತ್ತಿರೋದೇ.”

“ಕಣ್ಣುಬೇನೆ ಇಷ್ಟು ದಿನ ಇರುತ್ತಾ ಮಾವ?”

ಮಾವ ಮೇಜು ಕುಟ್ಟಿದರು. “ನನ್ನನ್ನೇ ವಿಚಾರಣೆ ಮಾಡ್ತಿದೀಯೇನೋ? ನಿನ್ನ ಮೂಗು ಒರೆಸಿ ಬೆಳೆಸಿದವನನ್ನ? ಇದನ್ನ ಕೇಳೋಕೆ ನನ್ನ ಮನೆಯಲ್ಲೇ ಕೂತು ಚಹಾ ಕುಡಿದ್ಯಾ?”

ನಾಚಿಕೆಯಿಂದ ಹಿಡಿಯಷ್ಟಾದೆ. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಜ್ವರ ಬಂದಾಗ ಹೆಗಲ ಮೇಲೆ ಹಾಕಿಕೊಂಡು ಮನೆತುಂಬ ಓಡಾಡಿದವರು. ಬೇರೆ ಯಾರಾದರೂ ಆಗಿದ್ದರೆ ಈ ಪ್ರಶ್ನೆಗಳನ್ನು ಎಷ್ಟು ಗತ್ತಿನಿಂದ ಕೇಳುತ್ತಿದ್ದೆನೋ, ಈಗ ಅಷ್ಟೇ ಕುಗ್ಗಿದ ದನಿಯಲ್ಲಿ ಕೇಳಿದೆ.

“ಎಡಗಣ್ಣಿನ ಪೊರೆ ತೆಗೆಸಿದ್ರಿ, ಅಲ್ವಾ ಮಾವ?”

ಮಾವ ಕನ್ನಡಕ ತೆಗೆದರು. ಕಣ್ಣು ಕೆಂಪಗಿರಲಿಲ್ಲ. ಎಡಗಣ್ಣು ತಿಳಿಯಾಗಿ ಹೊಳೆಯುತ್ತಿತ್ತು, ಬಲಗಣ್ಣಿನ ಪಾಪೆಯಲ್ಲಿ ಹಳದಿ ಮಸುಕು.

“ಯಾರು ಹೇಳಿದ್ರು ನಿಂಗೆ?”

“ಗೋಡೆ.”

ಅವರಿಗೆ ನಗು ಬರಲಿಲ್ಲ. ನನಗೂ ಬರಲಿಲ್ಲ.

“ನಮ್ಮ ಮನೆ ಕೆಳಗಿನ ದರ್ಜಿಗೂ ಹೀಗೇ ಆಯ್ತು,” ಎಂದೆ. “ಪೊರೆ ತೆಗೆಸಿಕೊಂಡು ಬಂದವನು ಕಪ್ಪು ಪ್ಯಾಂಟಿಗೆಲ್ಲ ನೀಲಿ ದಾರ ಹಾಕಿ ಹೊಲಿದಿದೀನಿ ಅಂತ ತಲೆ ಚಚ್ಚಿಕೊಂಡ. ಅವನದು ಪ್ಯಾಂಟು, ಬಿಚ್ಚಿ ಹೊಲಿಯಬಹುದಿತ್ತು.”

ಮಾವ ಏಳಲು ಹೋಗಿ ಮತ್ತೆ ಕುಳಿತರು. ಆಮೇಲೆ ಮೇಜಿನ ಕೆಳಗಿನ ಖಾನೆ ಎಳೆದು, ಟವೆಲಿನಲ್ಲಿ ಸುತ್ತಿಟ್ಟಿದ್ದ ಟ್ರೇ ತೆಗೆದು ನನ್ನ ಮುಂದಿಟ್ಟರು. ಊರೆಲ್ಲ ಹುಡುಕಿದ್ದೆ ಅದಕ್ಕಾಗಿ. ಸಿಕ್ಕಾಗ ಖುಷಿಯಾಗಬೇಕಿತ್ತು, ಮುಟ್ಟಲೂ ಮನಸ್ಸಾಗಲಿಲ್ಲ.

ಅವರು ಗವಸು ಎತ್ತಿ, ಒಂದು ಸ್ಲೈಡನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ದೀಪ ಹಾಕಿದರು.

“ಡ್ರಾಯಿಂಗ್ ಮೇಷ್ಟ್ರದ್ದು. ನೋಡು.”

ನೋಡಿದೆ. ನನಗೆ ಈ ವಿದ್ಯೆಯ ಗಂಧಗಾಳಿ ಇಲ್ಲ. ಆದರೆ ಬಣ್ಣ ಗೊತ್ತಾಗಲು ಡಾಕ್ಟರಿಕೆ ಓದಬೇಕಿಲ್ಲ. ಈ ಅಂಚಿನಿಂದ ಆ ಅಂಚಿನವರೆಗೆ ನೀಲಿ. ಶಾಯಿ ಚೆಲ್ಲಿದ ಬಟ್ಟೆಯ ಹಾಗೆ, ಎಲ್ಲಿ ಸರಿಸಿದರೂ ನೀಲಿ.

“ಸೊನ್ನೆ,” ಎಂದರು ಮಾವ. “ಬಲಗಣ್ಣು ಮುಚ್ಕೊಂಡು ನೋಡಿದ್ರೆ ನಂಗೂ ನೀಲಿ. ಎಡಗಣ್ಣು ಮುಚ್ಕೊಂಡು ನೋಡಿದ್ರೆ ಕಂದು. ಒಂದೇ ಸ್ಲೈಡು ಕಣೋ. ಪೊರೆ ಬೆಳೀತಾ ಬೆಳೀತಾ ಹಳದಿ ಆಗುತ್ತೆ, ನೀಲಿ ಬಣ್ಣ ಒಳಗೆ ಬಿಡೋದೇ ಇಲ್ಲ. ದಿನಾ ಒಂಚೂರು ಒಂಚೂರು. ನಂಗೇ ಗೊತ್ತಾಗ್ಲಿಲ್ಲ.”

“ಇನ್ನೊಬ್ಬರೂ ನೋಡಬೇಕು ಅನ್ನೋ ನಿಯಮ ಇತ್ತಲ್ಲ?”

“ಇತ್ತು.” ಮಾವ ಕೈಯಲ್ಲಿದ್ದ ಕನ್ನಡಕವನ್ನು ಮಡಿಸಿದರು, ಬಿಡಿಸಿದರು. “ಮೀಟಿಂಗಲ್ಲಿ ನಾನೇ ತೆಗೆಸಿದೆ. ನನ್ನ ಕಣ್ಣಿಗೆ ಇನ್ನೊಬ್ಬ ಸಾಕ್ಷಿ ಬೇಕೇನ್ರಪ್ಪಾ ಅಂತ ಕೇಳಿದೆ. ಎಲ್ಲರೂ ನಕ್ರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ.”

“ಗೊತ್ತಿಲ್ಲದೆ ಆಗಿದ್ದು ತಪ್ಪು ಮಾವ. ತಪ್ಪು ಯಾರಿಗೂ ಆಗುತ್ತೆ. ಗೊತ್ತಾದ ಮೇಲೆ ಏನ್ ಮಾಡಿದ್ರಿ?”

ಈ ಪ್ರಶ್ನೆ ಅವರು ತಮಗೆ ತಾವೇ ಎಷ್ಟು ಸಲ ಕೇಳಿಕೊಂಡಿದ್ದರೋ.

“ಗೊತ್ತಾದ ದಿನ ಲ್ಯಾಬಿನ ಟಾಯ್ಲೆಟ್‌ಗೆ ಹೋಗಿ, ಚಿಲಕ ಹಾಕ್ಕೊಂಡು, ನಲ್ಲಿ ಬಿಟ್ಟು ಅತ್ತುಬಿಟ್ಟೆ. ಎಷ್ಟು ತಪ್ಪಾಗಿದೆ ನೋಡಿ ಆಮೇಲೆ ಹೇಳೋಣ ಅನ್ಕೊಂಡೆ. ಅಷ್ಟರಲ್ಲಿ ಡಾಕ್ಟರಮ್ಮ ಎಲ್ಲಾನೂ ಬೇರೆಯವರ ಹತ್ರ ನೋಡಿಸ್ತೀನಿ ಅಂದ್ಲು. ಗಾಬರಿಯಾಗಿ ಟ್ರೇನ ಮನೆಗೆ ತಂದ್ಬಿಟ್ಟೆ. ಇಲ್ಲೇ ಕೂತು ಒಂದೊಂದೇ ನೋಡಿದೆ. ನೋಡಿದ ಮೇಲೆ ಹೇಳೋಕೆ ಬಾಯಿ ಬರಲಿಲ್ಲ.”

“ಎಷ್ಟು ತಪ್ಪಾಗಿತ್ತು?”

ಅವರು ಟ್ರೇಯನ್ನು ನನ್ನ ಕಡೆ ತಿರುಗಿಸಿದರು. ತಪ್ಪಾದ ಸ್ಲೈಡುಗಳನ್ನೆಲ್ಲ ತಲೆಕೆಳಗು ಮಾಡಿ ಇಟ್ಟಿದ್ದರು. ನೆಟ್ಟಗೆ ನಿಂತಿದ್ದ ಸ್ಲೈಡುಗಳನ್ನು ಹುಡುಕಬೇಕಾಯಿತು.

“ಇವರಲ್ಲಿ ಕೆಲವರು ಈಗ ಇಲ್ಲ,” ಎಂದರು ಮಾವ. “ಅವರ ಮನೆಯವರು ಹೊರಡುವಾಗ ನಂಗೆ ಕೈ ಮುಗಿದು ಹೋದ್ರು. ಸರಿಯಾಗಿ ಓದಿದ್ರೂ ಉಳೀತಿದ್ರೋ ಇಲ್ವೋ, ಯಾರು ಹೇಳ್ತಾರೆ? ಆದ್ರೆ ಆ ಕೈ ಮುಗಿದಿದ್ದು ನೆನಪಾದ್ರೆ ಅನ್ನ ಇಳಿಯಲ್ಲ ಕಣೋ.”

“ಆ ಟೆಕ್ನಿಷಿಯನ್ ಹುಡುಗಿ?”

“ದಿನಾ ಅವಳ ಮುಖ ಕಣ್ಮುಂದೆ ಬರುತ್ತೆ.”

“ಬಂದ್ರೆ ಸಾಕಾ ಮಾವ? ಕಳ್ಳಿ ಅನ್ನಿಸ್ಕೊಂಡು ಅವಳು ಬೀದೀಲಿ ತಲೆ ಎತ್ತದ ಹಾಗಾಗಿದೆ. ನೀವಿಲ್ಲಿ ಗಾಜು ಮಗುಚಿ ಹಾಕ್ತಾ ಕೂತಿದೀರಿ.”

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಜೀವನದಲ್ಲೇ ಅವರಿಗೆ ಹೀಗೆ ಎದುರಾಡಿದವನಲ್ಲ. ಮಾವ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ತಲೆತಗ್ಗಿಸಿ ಕೂತರು, ಶಾಲೆಯಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ. ಆ ನೆತ್ತಿಯನ್ನು ನಾನು ಮೇಲಿನಿಂದ ನೋಡಬೇಕಾಗಿ ಬಂತಲ್ಲ ಎಂದು ನನಗೆ ಅಳು ಒತ್ತಿ ಬಂತು.

“ಅತ್ತೆಗೆ ಗೊತ್ತಾ?”

“ಕಣ್ಣಿನದು ಗೊತ್ತು. ಡ್ರಾಪ್ಸ್ ಹಾಕೋಳೇ ಅವಳು. ಸ್ಲೈಡಿನದು ಗೊತ್ತಿಲ್ಲ. ಅವಳಿಗೆ ಗೊತ್ತಾಗೋದಕ್ಕಿಂತ ನಾನು ಸಾಯೋದು ಮೇಲು.”

“ಸಾಯೋ ಮಾತು ಆಮೇಲೆ. ಮೊದಲು ಬದುಕೋರ ವಿಷಯ ನೋಡೋಣ.” ಮೇಜಿನ ಮೇಲಿದ್ದ ಅವರ ಮೊಬೈಲು ಎತ್ತಿ ಕೈಗೆ ಕೊಟ್ಟೆ. “ಡಾಕ್ಟರಮ್ಮನಿಗೆ ಫೋನ್ ಮಾಡಿ. ಮೇಷ್ಟ್ರದ್ದು ಸೊನ್ನೆ, ಕೀಮೋ ಕೊಡಬೇಡ ಅನ್ನಿ. ಅಷ್ಟು ಸಾಕು. ಉಳಿದಿದ್ದು ನಾಳೆ ನಾನೂ ಜೊತೆಗೆ ಬರ್ತೀನಿ, ಇಬ್ಬರೂ ಹೋಗಿ ಹೇಳೋಣ.”

“ನೀನು ಬರ್ತೀಯಾ?”

“ಬರದೆ ಇನ್ನೆಲ್ಲಿಗೆ ಹೋಗ್ಲಿ?”

ಮಾವ ಮೂಗು ಒರೆಸಿಕೊಂಡರು. ಎಷ್ಟೋ ದಿನದ ಭಾರ ಇಳಿದಂತೆ ಒಮ್ಮೆ ಉಸಿರು ಬಿಟ್ಟು, ನಂಬರು ಒತ್ತಿ, ನನಗೂ ಕೇಳಲೆಂದು ಸ್ಪೀಕರ್ ಹಾಕಿದರು. ಡಾಕ್ಟರಮ್ಮ ಅವರ ಹಳೆಯ ಶಿಷ್ಯೆ. ಓದುವ ಕಾಲದಲ್ಲಿ ಎಷ್ಟೋ ದಿನ ಊಟ ಮಾಡಿದ್ದು ಈ ಮನೆಯಲ್ಲೇ.

“ಅಮ್ಮಾ, ನಾನು...”

“ಅರೆ, ಸರ್! ಗಂಟಲು ಸರಿಹೋಯ್ತಾ?”

ಮಾವ ನನ್ನ ಮುಖ ನೋಡಿದರು.

“ನಿಮಗೆ ಮಾತೇ ಹೊರಡ್ತಿಲ್ಲ ಅಂತ ಬೆಳಿಗ್ಗೆ ಮೇಡಂ ಫೋನ್ ಮಾಡಿದ್ರಲ್ಲ? ಮೇಷ್ಟ್ರ ಸ್ಲೈಡ್ ಅದೃಷ್ಟಕ್ಕೆ ನಿಮ್ಮ ಕೋಟಿನ ಜೇಬಲ್ಲೇ ಉಳಿದಿತ್ತಂತೆ, ಇನ್ನೊಮ್ಮೆ ನೋಡಿದ್ರಂತೆ, ಮೂರು ಪ್ಲಸ್ಸೇ ಸರಿ ಅಂದ್ರಂತೆ. ಕೇಳಿ ನಂಗೂ ಸಮಾಧಾನ ಆಯ್ತು ಸರ್. ಇನ್ನು ನಾಳೆವರೆಗೂ ಯಾಕೆ ಕಾಯೋದು ಅಂತ ಇವತ್ತೇ ಶುರು ಮಾಡ್ತಿದೀವಿ. ವಾಂತಿ ಆಗದ ಹಾಗೆ ಇಂಜೆಕ್ಷನ್ ಕೊಟ್ಟಾಯ್ತು. ಇನ್ನೇನು ಕೀಮೋ ಬಾಟಲಿ ಏರಿಸ್ತಾರೆ.”

ಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತು. ಅತ್ತೆ ಒಳಗೆ ಬಂದು ನಿಂತರು. ಮಾವ ಫೋನಿನ ಬಾಯಿಗೆ ಅಂಗೈ ಮುಚ್ಚಿದರು.

“ನಿದ್ದೇಲಿ ಮೇಷ್ಟ್ರದ್ದು ಸೊನ್ನೆ, ಸೊನ್ನೆ ಅಂತ ಕನವರಿಸ್ತೀರಿ,” ಎಂದರು ಅತ್ತೆ, ಮೆಲ್ಲಗೆ. “ಖಾನೆಯಲ್ಲಿ ಟವೆಲು ಸುತ್ತಿ ಇಡ್ತೀರಿ. ಈ ಮನೇಲಿ ಟವೆಲು ಮಡಿಸೋಳು ನಾನು. ನಂಗೆ ಗೊತ್ತಾಗಲ್ಲ ಅನ್ಕೊಂಡ್ರಾ?”

“ಏನ್ ಮಾಡಿದ್ಯೇ ನೀನು?”

“ನಿಮ್ಮ ಮರ್ಯಾದೆ ಉಳಿಸಿದೆ. ಜನ ನಿಮ್ಮ ಮುಖಕ್ಕೆ ಉಗಿಯೋದನ್ನ ನೋಡ್ಕೊಂಡು ನಾನು ಹೇಗ್ರೀ ಇರಲಿ?”

ತಾವು ಮಾಡಿದ್ದು ಏನೆಂದು ಅತ್ತೆಗೆ ಪೂರ್ತಿ ಗೊತ್ತಿತ್ತು, ಆ ನಾಚಿಕೆಗೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನನಗೆ ತಡೆಯಲಾಗಲಿಲ್ಲ. ಮಾವನ ಅಂಗೈ ಸರಿಸಿ ಫೋನಿಗೆ ಬಾಯಿಟ್ಟು ಕೂಗಿದೆ. “ಡಾಕ್ಟ್ರೇ, ನಿಲ್ಲಿಸಿ! ಬಾಟಲಿ ಏರಿಸಬೇಡಿ!”

“ಯಾರದು?” ಆ ಕಡೆಯ ದನಿ ಗಡುಸಾಯಿತು. “ಸರ್, ಯಾರೋ ಕೂಗಿದ್ದಕ್ಕೆಲ್ಲ ನಾನು ಟ್ರೀಟ್ಮೆಂಟ್ ನಿಲ್ಸೋಕಾಗಲ್ಲ. ನೀವು ಹೇಳಿ, ಈ ಕ್ಷಣ ನಿಲ್ಲಿಸ್ತೀನಿ. ನಿಮ್ಮ ಬಾಯಲ್ಲೇ ಹೇಳಿ. ಸೊನ್ನೆನಾ, ಮೂರಾ?”

ಮಾವ ಅತ್ತೆಯನ್ನು ನೋಡಿದರು. ಈವರೆಗೆ ಸುಳ್ಳು ಅವರೊಬ್ಬರದಾಗಿತ್ತು. ಒಪ್ಪಿಕೊಂಡರೆ ಅವರೊಬ್ಬರ ತಲೆ ಹೋಗುತ್ತಿತ್ತು. ಈಗ ಸೊನ್ನೆ ಎಂದರೆ, ಗೊತ್ತಿದ್ದೂ ರೋಗಿಗೆ ತಪ್ಪು ಔಷಧಿ ಹಾಕಿಸಿದವಳೆಂದು ಅತ್ತೆ ಕಟಕಟೆ ಹತ್ತಬೇಕು.

“ಸರ್?”

“ಮೂರು,” ಎಂದರು ಮಾವ.

ಫೋನು ಆರಿಸಿದರು. ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

ನಾನು ಫೋನ್ ಮಾಡಿ ಪ್ರಯೋಜನವಿರಲಿಲ್ಲ. ಡಾಕ್ಟರಮ್ಮ ನನ್ನ ಮಾತು ನಂಬುವವರಲ್ಲ, ಆದರೆ ಸ್ಲೈಡನ್ನು ಕಣ್ಣೆದುರು ಹಿಡಿದರೆ ನಂಬಲೇಬೇಕು. ಆಸ್ಪತ್ರೆ ಎರಡು ಬೀದಿ ಆಚೆ. ಮೈಕ್ರೋಸ್ಕೋಪಿನಿಂದ ಮೇಷ್ಟ್ರ ಗಾಜನ್ನು ಎಳೆದುಕೊಂಡು, ಕರವಸ್ತ್ರದಲ್ಲಿ ಸುತ್ತಿ, ಹೊರಗೆ ಓಡಲು ತಿರುಗಿದೆ.

ಅತ್ತೆ ಬಾಗಿಲಿಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ಅಡ್ಡ ನಿಂತಿದ್ದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

“ನನ್ನ ತಳ್ಳಿ ಹೋಗ್ತೀಯೇನೋ ಪುಟ್ಟ?”